ಬಿಚ್ಚದ ಬೆರಳು, ಭಾಲ್ಕಿ ಇರುವಿ

ದವಾಖಾನಿ ಅಂದ್ರ ಅಳುವವರ ಜಾಗಾ ಅಂತ ಮಂದಿ ತಿಳಕೊಂಡಾರ. ಹೊರಗ ಕಟ್ಟಿ ಮ್ಯಾಲೆ ಕುಂತವರಿಗೆ ಹಂಗ ಕಾಣ್ತದ, ಅವರದೇನೂ ತಪ್ಪಿಲ್ಲ. ಆದ್ರ ಒಳಗ ಬಾಟ್ಲಿ ಸಾಲಿನ ಹಿಂದ ನಿಂತ ಕಂಪೌಂಡರನ್ನ ಕೇಳಿ ನೋಡ್ರಿ. ವಾರಕ್ಕೊಂದರೆ ನಗುವಂಥಾದ್ದು ಚೀಟಿ ಮಾಡಿಸದೇ ಒಳಗ ಬಂದು ಕುಂತಿರ್ತದ.

ನಾ ಭಾಲ್ಕಿಯೊಳಗ, ಆಮ್ಯಾಲೆ ಔರಾದದೊಳಗ ಸರ್ಕಾರಿ ದವಾಖಾನಿ ಕಂಪೌಂಡರ ಆಗಿದ್ದಾಂವ. ರೋಗಿಗಳ ಫಜೀತಿ ಹೇಳಕೋತ ಕುಂತ್ರ ಹೊತ್ತು ಸಾಲಂಗಿಲ್ಲ. ಅದಕ ಇವತ್ತ ಒಬ್ಬನ ಒಬ್ಬ ರೋಗಿದು ಹೇಳ್ತೇನಿ. ಅಂವ ಭಾಳ ಹಟಮಾರಿ, ಭಾಳ ಅಂಜುಬುರಕ, ಡಾಕ್ಟರ ಮುಂದ ಸುಳ್ಳು ಹೇಳಾಂವ. ಯಾರಂತೀರಿ? ನಾನ.

೧. ಇರುವಿ

ನಾ ಹುಟ್ಟಾ ಎಡಚ. ಊಟ ಒಂದು ಬಿಟ್ಟು ಉಳದ ಎಲ್ಲಾ ಕೆಲಸಕ್ಕೂ ಎಡಗೈನ ಮುಂದ. ಖಲಬತ್ತಾದ ಒರಳಿನಾಗ ಗುಂಡು ಹಿಡದು ಪುಡಿ ಅರಿಯೋದು, ಬಾಟ್ಲಿ ಬೂಚು ಕೀಳೋದು, ಔಷಧದ ಬಾಟ್ಲಿಗೆ ಇಷ್ಟಿಷ್ಟು ಕುಡೀರಿ ಅಂತ ಗುರ್ತಿನ ಕಾಗದ ಕತ್ತರಿಸಿ ಅಂಟಸೋದು, ಎಲ್ಲಾ ಎಡಗೈಲೆ. ಆದ್ರ ಕೊಡೂ ಮುಂದ ಮಾತ್ರ ಬಲಗೈ. ನಮ್ಮ ಕಡಿ ಮಂದಿ, ಎಡಗೈಲೆ ಕೊಟ್ಟ ದವಾ ಮೈಗೆ ಹತ್ತಂಗಿಲ್ಲ ಅಂತಾರ. ಅದಕ ನನ್ನ ಎಡಗೈ ಯಾವತ್ತೂ ಮೇಜಿನ ಕೆಳಗ ಇರ್ತಿತ್ತು. ಈ ಮಾತು ನೆನಪಿಡ್ರಿ, ಮುಂದ ಬರ್ತದ.

ಭಾಲ್ಕಿ ಗಂಜ್ ಬಜಾರದಾಗ ತೊಗರಿ ವ್ಯಾಪಾರದ ಸಾಹುಕಾರ ಒಬ್ಬರಿದ್ರು. ಮೀಸಿ ನೋಡಿದ್ರ ಹುಲಿ ಹಿಂದಕ ಸರೀಬೇಕು. ಅವರಿಗೆ ಒಂದು ಸಲ ಸೂಜಿ ಚುಚ್ಚೋ ಕೆಲಸ ಬಂತು. ಆಗಿನ ಸೂಜಿ ಅಂದ್ರ ಈಗಿನಂಗಲ್ರಿ, ಗೋಣಿಚೀಲ ಹೊಲಿಯೋ ದಬ್ಬಣದ ಅಕ್ಕ. ಸಾಹುಕಾರರು ಕಣ್ಣು ಮುಚ್ಚಿ, "ಕಂಪೌಂಡರ್, ನೋವಾಗ್ತದೇನು?" ಅಂದ್ರು.

"ಏ, ಇಲ್ಲರಿ. ಇರುವಿ ಕಚ್ಚಿದಂಗ."

ಕಂಪೌಂಡರಕಿ ಕಲಿಯೋ ಮುಂದ ನಾ ಕಲತ ಮೊದಲನೇ ಮಾತು ಇದ. ಚುಚ್ಚಿದೆ. ಸಾಹುಕಾರರು ಕೂಗಿದ ಧ್ವನಿಗೆ ಟೇಶನ್ ಕಡಿ ಹೊಂಟಿದ್ದ ಟಾಂಗಾದ ಕುದುರಿ ನಿಂತು ಹಿಂದ ತಿರುಗಿ ನೋಡಿತು. ಸಾಹುಕಾರರು ಕಣ್ಣು ಒರಸಕೊಂಡು, ಧೋತರ ಸರಿ ಮಾಡ್ಕೊಂಡು, ನನ್ನ ಮುಂದ ಬಂದು ನಿಂತ್ರು.

"ಕಂಪೌಂಡರ್, ಒಂದು ಮಾತು ಹೇಳು. ನಿಮ್ಮ ಮನಿ ಇರುವಿಗೆ ಏನ್ ಹಾಕಿ ಸಾಕೀರಿ?"

೨. ತುರಿ ಮುಲಾಮು

ಅದ ವರ್ಷದಾಗ ನನ್ನ ಎಡಗೈ ತೋರಬೆರಳು ಕೈ ಕೊಡಾಕ ಸುರು ಮಾಡ್ತು. ಮುಂಜಾನಿ ಎದ್ದು ನೋಡಿದ್ರ ಬೆರಳು ಮಡಚಿಕೊಂಡು ಮಲಗಿರ್ತಿತ್ತು. ಏಳು ಅಂದ್ರ ಏಳಂಗಿಲ್ಲ. ಬಿಸಿನೀರಾಗ ಅದ್ದಿ, ಬಲಗೈಲೆ ಹಿಡದು ಜಗ್ಗಿದ್ರ 'ಟಕ್' ಅಂತ ಸಪ್ಪಳ ಮಾಡಿ ಬಿಚ್ಚತಿತ್ತು. ಬಿಚ್ಚೂ ಮುಂದ ಜೀವಾನ ಹೋಗಿ ಬರ್ತಿತ್ತು. ಬೆರಳಿನ ಬುಡಕ್ಕ ಅಂಗೈಯಾಗ ಒಂದು ತೊಗರಿ ಕಾಳಿನಷ್ಟು ಗಂಟು. ಯಾರಿಗೂ ಹೇಳಲಿಲ್ಲ. ಕುಂಬಾರಗ ಮಡಕಿ ಇಲ್ಲ ಅಂದಂಗ, ಕಂಪೌಂಡರಗ ರೋಗ ಅಂದ್ರ ಮಂದಿ ನಗಂಗಿಲ್ಲೇನು?

ಅಷ್ಟರಾಗ ನಿಜಾಮರ ರಾಜ್ಯದ ಮ್ಯಾಲೆ ದಿಲ್ಲಿ ಸರ್ಕಾರದ ಪೊಲೀಸ್ ಆ್ಯಕ್ಷನ್ ಆತು. ಅದಕೂ ಮೊದಲು, ಅದು ಮುಗದ ಮ್ಯಾಲೂ, ನಮ್ಮ ಕಡಿ ಮಂದಿ ಉಂಡ ಕಷ್ಟ, ಕಳಕೊಂಡ ಜೀವ, ಅದು ನಗಿ ಮಾತಿನಾಗ ಹೇಳೋದಲ್ಲ. ಅದನ್ನ ಅಲ್ಲೇ ಇಟ್ಟು ಕೈಮುಗಿದು ಮುಂದ ಹೋಗ್ತೇನಿ. ನನ್ನ ಬೆರಳಿಗೆ ಆದದ್ದಷ್ಟ ಹೇಳ್ತೇನಿ.

ಅವತ್ತ ಬೆರಳು ಬಿಚ್ಚಿಕೊಳ್ಳದನ ಗಡಿಬಿಡಿಲೆ ದವಾಖಾನಿಗೆ ಹೊಂಟಿದ್ದೆ. ಹಾದ್ಯಾಗ ಮಿಲಿಟರಿ ಜವಾನರು ಹೋಗಿ ಬರೋರನ್ನ ನಿಲ್ಲಿಸಿ ಕೈ ಮ್ಯಾಲೆತ್ರಿ ಅಂತಿದ್ರು. ಎತ್ತಿದೆ. ಒಂಬತ್ತು ಬೆರಳು ನೆಟ್ಟಗ, ಒಂದು ಮಡಚಿಕೊಂಡು. ಒಬ್ಬ ಜವಾನ ನನ್ನ ಬೆರಳು ನೋಡಿದ, ತನ್ನ ಬಂದೂಕಿನ ಕುದುರಿ ಮ್ಯಾಲಿನ ಬೆರಳು ನೋಡ್ಕೊಂಡ. ಎರಡೂ ಒಂದ ನಮೂನಿ ಬಾಗಿದ್ದವು.

"ಯಾವ ಬಂದೂಕು ಹಿಡದು ಹಿಂಗಾಗ್ಯಾದ?" ಅಂತ ಹಿಂದಿಯೊಳಗ ಗದರಿಸಿದ.

"ಬಂದೂಕಲ್ರಿ ಸಾಹೇಬ, ಖಲಬತ್ತಾ" ಅಂದೆ.

ಅಂವಗ ಅದು ಯಾವ ದೇಶದ ಬಂದೂಕೋ ಏನೋ ಅನಿಸಿರಬೇಕು. ಬೆನ್ನಿಗೆ ಬಂದೂಕು ಹಿಡದು ದವಾಖಾನಿ ತನಕ ನಡಿಸ್ಕೊಂಡು ಬಂದ. ಖಲಬತ್ತಾ ಹೊರಗ ತಗದು, ಗಂಧಕ ಹಾಕಿ ಅರದು, ತುರಿ ಮುಲಾಮು ಮಾಡಿ ತೋರಿಸ್ದೆ. ಅಂವ ವಾಸನಿ ನೋಡಿದ. ಆಚಿ ಈಚಿ ನೋಡಿದ. ಬಂದೂಕು ಗ್ವಾಡಿಗೆ ಆನಿಸಿ, ಬೂಟು ಬಿಚ್ಚಿ, ಕಾಲು ಮುಂದ ಚಾಚಿದ. ಪಾಪ, ಬೆರಳ ಸಂದ್ಯಾಗ ತುರಿಕಿ ಆಗಿ ರಕ್ತ ಬಂದಿತ್ತು. ಮುಲಾಮು ಹಚ್ಚಿ ಕಳಿಸ್ದೆ. ಹೋಗೋ ಮುಂದ ಭಯ್ಯಾ ಅಂದು ಹೋದ.

ಮರುದಿನ ಮುಂಜಾನಿ ದವಾಖಾನಿ ಬಾಗಲಾ ತೆಗದ್ರ ಕಟ್ಟಿ ಮ್ಯಾಲೆ ಸಾಲಾಗಿ ಹನ್ನೊಂದು ಮಂದಿ ಜವಾನರು, ಎಲ್ಲರೂ ಬೂಟು ಬಿಚ್ಚಿ ಕುಂತಾರ. ನಿಜಾಮರ ರಾಜ್ಯ ತಗೊಳ್ಳಾಕ ಅವರಿಗೆ ಐದು ದಿನ ಸಾಕಾತು. ಅವರ ತುರಿಕಿ ಕಳಿಯಾಕ ನನಗ ಎರಡು ತಿಂಗಳು ಹಿಡೀತು.

೩. ರೊಟ್ಟಿ ಇಲಾಜು

ಎರಡು ತಿಂಗಳು ಮುಲಾಮು ಅರದದ್ದಕ್ಕ ಬೆರಳು ಇನ್ನಷ್ಟು ಕೆಟ್ಟಿತು. ಅಷ್ಟರಾಗ ನನ್ನನ್ನ ಔರಾದಕ್ಕ ಹಾಕಿದ್ರು. ಆಮ್ಯಾಲೆ ಒಂದು ಹುಕುಂ ಬಂತು. ಹಂಗಾಮಿ ನೌಕರರನ್ನೆಲ್ಲಾ ಸರದಿ ಪ್ರಕಾರ ಕಾಯಂ ಮಾಡ್ತಾರ, ಆದ್ರ ಬೀದರದ ಬಡೇ ಡಾಕ್ಟರ ಕಡಿಂದ ಮೈ ಕೈ ದುರುಸ್ತ ಅದ ಅಂತ ಸರ್ಟಿಫಿಕೇಟು ತರಬೇಕು.

ನಾ ಹಂಗಾಮಿ. ಮನಿಯೊಳಗ ಅವ್ವ, ಹೆಂಡತಿ, ಎರಡು ಕೂಸು, ಎಲ್ಲಾರ ಅನ್ನ ಆ ಒಂದು ಬೆರಳಿನ ಮ್ಯಾಲೆ. ಬಡೇ ಡಾಕ್ಟರ್ ಕೈ ಬಿಚ್ಚು ಅಂದಾಗ ಅದು ಬಿಚ್ಚದಿದ್ರ? ನಾಲಾಯಕ್ ಅಂತ ಬರದ್ರ ಮುಗೀತು. ಅದಕ ಔರಾದ ಡಾಕ್ಟರು, "ಬೀದರಕ್ಕ ಯಾವಾಗ ಹೋಗ್ತಿಯಪಾ?" ಅಂತ ಕೇಳಿದಾಗೆಲ್ಲಾ ಒಂದು ಸುಳ್ಳು. ಅವ್ವಗ ಜ್ವರ, ಮಾವನ ಊರಾಗ ಮದುವಿ, ಬಸ್ಸು ಕೆಟ್ಟದ. ಅವರು ಭಾಳ ದೊಡ್ಡ ಮನಸಿನವರು, ಎಲ್ಲಾ ನಂಬತಿದ್ರು. ಅವರು ನಂಬಿದಷ್ಟೂ ನನಗ ನಾಚಿಕಿ.

ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಒಬ್ಬಾಕಿಗೆ. ಅಕಿ ನಾಕು ದಿನ ವಿಚಾರ ಮಾಡಿ ಹೇಳಿದ್ಲು, "ಏನ್ರಿ, ನೀವು ದಿನಾ ಬೆರಳು ಮಡಚಿ ಮಾಡೋ ಕೆಲಸ ಮಾಡ್ತೀರಿ, ಅದಕ ಅದು ಮಡಚಿ ನಿಂತದ. ಬಳ್ಳು ಬಿಚ್ಚಿ ಮಾಡೋ ಕೆಲಸ ಮಾಡ್ರಿ."

"ಅಂಥಾ ಕೆಲಸ ಯಾವುದದ?"

"ರೊಟ್ಟಿ ಬಡಿಯೋದು."

ಮಾತಿನಾಗ ತಪ್ಪು ಹುಡುಕಿದೆ, ಸಿಗಲಿಲ್ಲ. ದಿನಾ ಮುಂಜಾನಿ ಒಲಿ ಮುಂದ ಕುಂತು ಜ್ವಾಳದ ಹಿಟ್ಟು ನಾದಿ ರೊಟ್ಟಿ ಬಡಿಯಾಕ ಸುರು ಮಾಡ್ದೆ. ಮೊದಮೊದಲಿಗೆ ನನ್ನ ರೊಟ್ಟಿ ಹೈದರಾಬಾದ್ ಸಂಸ್ಥಾನದ ನಕಾಶಿ ಹಂಗಿರ್ತಿದ್ದವು. ಆಮ್ಯಾಲೆ ದುಂಡಗಾದವು. ಬೆರಳು ಸುಧಾರಿಸ್ತೋ ಇಲ್ಲೋ, ಹೆಂಡತಿ ಮಾತ್ರ ಒಂದು ತಾಸು ತಡಾ ಮಾಡಿ ಏಳಾಕ ಹತ್ತಿದ್ಲು.

ಬಾಜೂ ಮನಿ ವೈನಿ ಒಂದಿನ ಕಿಡಕ್ಯಾಗಿಂದ ನೋಡಿಬಿಟ್ರು. ಹೆಂಡತಿ ಗುಟ್ಟು ಬಿಡಲಿಲ್ಲ. "ಕಂಪೌಂಡರಕಿ ಮಾಡೋರ ಕೈಗೆ ಇದು ಚಲೋ ಅಂತ್ರಿ. ಇಲಾಜು" ಅಂದ್ಲು.

ಒಂದು ವಾರಕ್ಕ ನಮ್ಮ ಓಣಿಯ ಏಳು ಮಂದಿ ಗಂಡಸರು ಒಬ್ಬರ ಹಿಂದೊಬ್ಬರು ಕಳ್ಳರಂಗ ದವಾಖಾನಿಗೆ ಬಂದ್ರು. ಎಲ್ಲಾರದೂ ಒಂದ ಅರ್ಜಿ: "ಕಂಪೌಂಡರ್ ಸಾಹೇಬ್ರ, ನಮ್ಮ ಬಳ್ಳು ಚಲೋ ಅವ, ರೊಟ್ಟಿ ಬಡಿಯೋ ಜರೂರತ್ ಇಲ್ಲ ಅಂತ ನಮ್ಮ ಹೆಂಡರಿಗೆ ಒಂದು ಚೀಟಿ ಬರದು ಕೊಡ್ರಿ."

೪. ಡಾಬಕಾದ ಮುತ್ಯಾ

ಡಾಬಕಾ ಅನ್ನೋ ಹಳ್ಳಿಯಿಂದ ಕುರಿ ಸಾಕೋ ಮುತ್ಯಾ ಒಬ್ಬ ಬಂದ. ಹೆಗಲ ಮ್ಯಾಲೆ ಕಂಬಳಿ, ಬಲಗೈ ಉಂಗುರಬೆರಳು ಮಡಚಿಕೊಂಡದ. ಡಾಕ್ಟರ ಮುಂದ ಕೈ ಇಟ್ಟು ಹೇಳಿದ, "ಮುಂಜಾನಿ ಏಳಂಗಿಲ್ಲರಿ ಇದು. ಜಗ್ಗಿದ್ರ ಟಕ್ ಅಂತದ. ಬುಡಕ್ಕ ಗಂಟು ಬಂದದ."

ಮೇಜಿನ ಕೆಳಗಿದ್ದ ನನ್ನ ಬೆರಳು ಕಿವಿ ನಿಮಿರಿಸ್ತು. ನಾ ಬಾಟ್ಲಿ ಬಿಟ್ಟು ಡಾಕ್ಟರ ಬಾಜೂಕ ಬಂದು ನಿಂತೆ.

ಡಾಕ್ಟರು ಭಾಳ ಚಂದ ತಿಳಿಸಿ ಹೇಳೋರು. "ನೋಡು ಮುತ್ಯಾ, ಪೈಜಾಮಾಕ್ಕ ಲಾಡಿ ಇರ್ತದಲ್ಲ, ಹಂಗ ಬೆರಳು ಜಗ್ಗಾಕ ಒಳಗ ಒಂದು ನರದ ಹಗ್ಗ ಅದ. ಅದು ಲಾಡಿ ತೂರಿಸೋ ಮಡಿಕಿಯಂಥಾ ಒಂದು ಸಣ್ಣ ನೆಫಾದೊಳಗ ಹಾದು ಹೋಗ್ತದ. ನೀ ವರ್ಷಾನಗಟ್ಟಲೆ ಕತ್ತರಿ ಹಿಡದು ಕುರಿ ಕೂದಲ ಕತ್ತರಿಸಿದ್ದಕ್ಕ ನೆಫಾ ಬಾತು ಬಾಯಿ ಸಣ್ಣದಾತು, ಹಗ್ಗದಾಗ ಗಂಟು ಆತು. ಆ ಗಂಟು ಬಾಯಾಗ ಸಿಕ್ಕಾಗ ಬಳ್ಳು ನಿಲ್ತದ, ಜಗ್ಗಿದ್ರ ಟಕ್ ಅಂತ ಪಾರಾಗ್ತದ."

"ಕತ್ತರಿ ಅಲ್ಲದ ಖಲಬತ್ತಾ ಹಿಡಿಯೋರಿಗೂ ಆಗ್ತದೇನ್ರಿ?" ಅಂದೆ.

"ಏನ ಹಿಡದ್ರೂ ಆಗ್ತದ. ಸಕ್ಕರಿ ರೋಗ ಇದ್ದವರಿಗೆ ಹೆಚ್ಚು."

"ತಾನ ಹೋಗ್ತದೇನ್ರಿ?"

"ಸುರುವಿನಾಗ ಹಿಡದ್ರ ಹೋಗ್ತದ. ಕೈಗೆ ವಿಶ್ರಾಂತಿ, ಬಿಸಿನೀರು, ಬಳ್ಳಿಗೆ ಪಟ್ಟಿ ಕಟ್ಟಿ ನೆಟ್ಟಗ ಇಡೋದು. ಭಾಳ ದಿವಸ ಬಿಟ್ರ ಆಪರೇಶನ್. ನೆಫಾದ ಬಾಯಿ ಚೂರು ಕೊಯ್ದು ಬಿಡ್ತಾರ, ಅಷ್ಟ."

"ಕೊಯ್ದ ಮ್ಯಾಲೆ ಕೈ ಕೆಲಸಕ್ಕ ಬರ್ತದೇನ್ರಿ? ನೌಕರಿ..."

ಡಾಕ್ಟರು ಚಷ್ಮಾ ತಗದು ನನ್ನ ನೋಡಿದ್ರು. "ರೋಗಿ ಇಂವನೋ ನೀನೋ?"

ನಾ ಹಿಂದಕ ಸರದು ಬಾಟ್ಲಿ ಒರಸಾಕ ನಿಂತೆ. ಡಾಕ್ಟರು ಮುತ್ಯಾಗ ಮೂರು ವಾರ ಕತ್ತರಿ ಹಿಡೀಬ್ಯಾಡ ಅಂದ್ರು.

"ನಾ ಹಿಡಿಯಂಗಿಲ್ಲರಿ" ಅಂದ ಮುತ್ಯಾ. "ಮೂರು ವಾರ ಕೂದಲ ಬೆಳಸಬ್ಯಾಡ್ರಿ ಅಂತ ಕುರಿಗೆ ಒಂದು ಚೀಟಿ ಬರದು ಕೊಡ್ರಿ."

ಬೆರಳಿಗೆ ಬಿದಿರ ಚಕ್ಕಿ ಇಟ್ಟು ಪಟ್ಟಿ ಕಟ್ಟೋ ಕೆಲಸ ನಂದು. ಎರಡೂ ಕೈ ಮ್ಯಾಲೆ ತರಲೇಬೇಕಾತು. ಮುತ್ಯಾ ನನ್ನ ಎಡಗೈ ನೋಡಿದ. ಆಮ್ಯಾಲೆ ಡಾಕ್ಟರ ಕಡಿ ನೋಡಿದ. ನನ್ನ ಕಿವಿ ಹಂತ್ಯಾಕ ಬಾಯಿ ತಂದು ಸಣ್ಣ ಧ್ವನಿಲೆ ಕೇಳಿದ, "ಸಾಹೇಬ್ರ, ನಿಮ್ಮವು ಎಷ್ಟು ಕುರಿ ಅವ?"

೫. ಮೊದಲನೇ ವೋಟು

ಮೊದಲನೇ ಇಲೆಕ್ಷನ್ ಬಂತು. ಹಿಂದ ನಮ್ಮನ್ನ ಯಾರೂ ಏನೂ ಕೇಳಿದ್ದಿಲ್ಲ. ಈಗ ಸರ್ಕಾರ ಯಾರದಿರಬೇಕು ಅಂತ ಕಂಪೌಂಡರನ್ನೂ ಕೇಳ್ತಾರ ಅಂದ್ರ ನನಗ ರಾತ್ರಿ ಊಟ ಸೇರಲಿಲ್ಲ, ಅಷ್ಟು ಖುಷಿ. ಹೆಂಡತಿಗೆ ನನಗಿಂತ ಹೆಚ್ಚು. ವೋಟು ಹಾಕೋದು ಅಂದ್ರ ಗುಡಿಗೆ ಹೋದಂಗ ಅಂತ ಮುಂಜಾನಿ ಎದ್ದು ಹಂಡೇದಾಗಿನ ಬಿಸಿನೀರೆಲ್ಲಾ ತಲಿ ಮ್ಯಾಲೆ ಹಾಕ್ಕೊಂಡ್ಲು. ನನ್ನ ಬೆರಳಿಗೆ ಒಂದು ತಂಬಿಗಿ ಉಳಿಸಲಿಲ್ಲ. ಹಂಗ ಹೋದೆ.

ಸಾಲಿ ಮುಂದ ಉದ್ದನ ಪಾಳಿ. ನನ್ನ ಹಿಂದ ನಮ್ಮ ಡಾಕ್ಟರು ನಿಂತಿದ್ರು. ಒಳಗ ಮೇಜಿನ ಮುಂದ ಕಮಲನಗರ ಕಡಿಯ ಒಬ್ಬ ಸಾಲಿ ಮಾಸ್ತರು, ಮುಂದ ಶಾಯಿ ಬಾಟ್ಲಿ.

"ಎಡಗೈ ತೋರಬಳ್ಳು ತೋರಸ್ರಿ" ಅಂದ್ರು.

ನಾ ಬಲಗೈ ಕೊಟ್ಟೆ.

"ಎಡಗೈರಿ."

ಎಡಗೈ ಮುಂದ ಮಾಡ್ದೆ. ಬೆರಳು ಮಡಚಿಕೊಂಡು ಕುಂತದ. ಮಾಸ್ತರು ಮುಖ ಬಿಗಿ ಮಾಡಿದ್ರು. "ಬಿಚ್ಚರಿ."

"ಬಿಚ್ಚಂಗಿಲ್ಲರಿ."

"ಹ್ಯಾಂಗ ಬಿಚ್ಚತದ? ಒಂದು ಕಡಿ ವೋಟು ಹಾಕಿ ಶಾಯಿ ಮುಚ್ಚಿಕೊಂಡು ಬಂದೀರಿ. ಓದಿದವರಾಗಿ ನಾಚಿಕಿ ಆಗಬೇಕು. ಹೊರಗ ನಡೀರಿ!"

ಪಾಳಿ ಎಲ್ಲಾ ನನ್ನ ನೋಡಾಕ ಹತ್ತಿತು. ಖರೇ ಹೇಳಿದ್ರ ಹಿಂದ ನಿಂತ ಡಾಕ್ಟರಿಗೆ ಗೊತ್ತಾಗ್ತದ, ನೌಕರಿ ಹೋಗ್ತದ. ಹೇಳದಿದ್ರ ವೋಟು ಹೋಗ್ತದ, ಮ್ಯಾಲೆ ಕಳ್ಳ ಅನ್ನೋ ಹೆಸರು. ಎದ್ಯಾಗಿಂದ ಅಳು ಬಂತು ನೋಡ್ರಿ. "ಶಾಯಿ ಅಲ್ರಿ ಮಾಸ್ತರ, ರೋಗ ಅದ. ಮೂರು ವರ್ಷದಿಂದ ಅದ. ಯಾರಿಗೂ ಹೇಳಿಲ್ಲ" ಅಂದುಬಿಟ್ಟೆ.

ಯಾರೋ ಹೆಗಲ ಮ್ಯಾಲೆ ಕೈ ಇಟ್ರು. ಡಾಕ್ಟರು. "ಹೌದ್ರಿ, ಇಂವ ನಮ್ಮ ಕಂಪೌಂಡರ್" ಅಂದ್ರು. "ಎದುರಿನ ಹೊಟೇಲಿನಿಂದ ಒಂದು ಬಿಸಿ ಛಾ ತರಸ್ರಿ." ಛಾದ ಗಿಲಾಸು ನನ್ನ ಮುಷ್ಟಿಗೆ ಹಚ್ಚಿ ಹಿಡದ್ರು. ಸೊಲ್ಪ ಹೊತ್ತಿಗೆ ಗಂಟು ಒತ್ತಿ ಸಾವಕಾಶ ಜಗ್ಗಿದ್ರು. 'ಟಕ್!' ಮಾಸ್ತರು ಬಗ್ಗಿ ನೋಡಿದ್ರು. ಬೆರಳು ಸ್ವಚ್ಛ. ಶಾಯಿ ಹಚ್ಚಿದ್ರು. ನಾ ವೋಟು ಹಾಕ್ದೆ, ಛಾನೂ ಕುಡದೆ.

ಹೊರಗ ಬಂದು ನೋಡಿದ್ರ ಪಾಳಿಯೊಳಗಿನ ಗಂಡಸರು ಅರ್ಧಕ್ಕರ್ಧ ತೋರಬೆರಳು ಮಡಚಿ ಹಿಡದು ನಿಂತಾರ. "ಮಾಸ್ತರ, ನಮ್ಮವೂ ಬಿಚ್ಚವಲ್ಲವು. ಛಾ ತರಸ್ರಿ!"

೬. ಬೀದರದ ಬಡೇ ಡಾಕ್ಟರು

ಡಾಕ್ಟರು ಬೈಯಲಿಲ್ಲ. ಬೈದಿದ್ರ ಚಲೋ ಇತ್ತು. "ನನಗರೆ ಹೇಳಬಾರದಿತ್ತೇನಪಾ?" ಅಂದ್ರು. ಬೀದರಕ್ಕ ಚೀಟಿ ಬರದು ಕೊಟ್ರು.

ಬಡೇ ಡಾಕ್ಟರು ಅಂದ್ರ ಇಡೀ ಜಿಲ್ಲಾ ನಡಗತಿತ್ತು. ಅವರು ವಾರ್ಡಿನಾಗ ಬಂದ್ರ ನರಳೋರು ನರಳೋದು ನಿಲ್ಲಿಸ್ತಿದ್ರು. ನಾ ಹೋಗಿ ಸಲಾಂ ಮಾಡಿ ನಿಂತೆ. ಚೀಟಿ ಓದಿದ್ರು, ಅಂಗೈ ಗಂಟು ಒತ್ತಿ ನೋಡಿದ್ರು. ನಾ 'ಅವ್ವಾ' ಅಂದೆ.

"ಕೊಯ್ಯಬೇಕು. ಬಳ್ಳು ಬಿಚ್ಚಿದ್ರ ಸರ್ಟಿಫಿಕೇಟು, ಇಲ್ಲಾಂದ್ರ ಇಲ್ಲ."

"ಸಾಹೇಬ್ರ, ನೋವು..."

"ಏನಿಲ್ಲ. ಇರುವಿ ಕಚ್ಚಿದಂಗ."

ಆ ಮಾತಿನ ಕಿಮ್ಮತ್ತು ನನಗ ಗೊತ್ತಿಲ್ಲೇನು?

ಬಡೇ ಡಾಕ್ಟರು ಆಪರೇಶನ್ ಚೀಟಿ ಬರಿಯಾಕ ಪೆನ್ನು ಹಿಡದ್ರು. ಎರಡು ಸಾಲು ಬರದು ಪೆನ್ನು ಕೆಳಗ ಇಡಬೇಕು, ಇಡಲಿಲ್ಲ. ಅವರ ಬಲಗೈ ಹೆಬ್ಬೆರಳು ಮಡಚಿ ನಿಂತಿತ್ತು. ಅವರು ಕೈ ಮೇಜಿನ ಕೆಳಗ ಒಯ್ದ್ರು. ನನಗ ಪರಿಚಯದ ಜಾಗಾ ಅದು. ಕೆಳಗಿಂದ ಸಪ್ಪಳ ಬಂತು: 'ಟಕ್.'

ನಾ ಅವರನ್ನ ನೋಡ್ದೆ. ಅವರು ನನ್ನ ನೋಡಿದ್ರು. ಎದ್ದು ಹೋಗಿ ಬಾಗಲಾ ಹಾಕ್ಕೊಂಡು ಬಂದ್ರು.

"ಯಾರ ಮುಂದರೆ ಬಾಯಿ ಬಿಟ್ಟಿ..."

"ಇಲ್ಲರಿ. ನಾ ಮೂರು ವರ್ಷ ಮುಚ್ಚಿಟ್ಟೇನಿ, ನಿಮ್ಮದೆಷ್ಟು ವರ್ಷರಿ?"

ಬಡೇ ಡಾಕ್ಟರು ಕುರ್ಚಿ ಮ್ಯಾಲೆ ಕುಸದು ಕುಂತ್ರು. "ಎರಡು" ಅಂದ್ರು. "ಈ ಬಳ್ಳು ಹಿಂಗದ ಅಂತ ಗೊತ್ತಾದ್ರ ನನ್ನ ಚಾಕು ಕೆಳಗ ಯಾರು ಮಲಗ್ತಾರ?" ಆ ಹುಲಿಯಂಥಾ ಮನಷ್ಯಾ ಹಂಗಂದಾಗ ನನಗ ತಿಳೀತು. ಅವರಿಗೂ ನನ್ನಂಥಾದ್ದ ಅಂಜಿಕಿ.

"ಹಂಗಾದ್ರ ನನ್ನ ಕೈ ಕೊಯ್ಯೋರು ಯಾರ್ರಿ?"

"ಹೈದರಾಬಾದದಾಗ ಕಲತು ಹೊಸಾ ಡಾಕ್ಟರ್ ಬಾಯಿ ಬಂದಾಳ. ಕೈ ಹಗುರ ಅದ." ಆಮ್ಯಾಲೆ ಮುಂದ ಬಗ್ಗಿ ಸಣ್ಣ ಧ್ವನಿಲೆ ಹೇಳಿದ್ರು, "ನೀ ಮೊದಲ ಮಾಡಿಸ್ಕೋ. ನಿಂದು ಚಲೋ ಆದ್ರ ನಾನೂ ಮಾಡಿಸ್ಕೋತೇನಿ. ಸಹಿ ಮಾಡೋ ಹೆಬ್ಬೆರಳು ಇದ ನೋಡು, ಇದು ಚಲೋ ಆದ ಮ್ಯಾಲೆ ನಿನ್ನ ಸರ್ಟಿಫಿಕೇಟು."

ಅಂದ್ರ ಎರಡು ಬೆರಳಿಗೂ ಕೂಡಿ ನನ್ನ ಒಂದು ನೌಕರಿ ಗಂಟು ಬಿತ್ತು.

ಮರುದಿನ ಡಾಕ್ಟರ್ ಬಾಯಿ ಅಂಗೈಗೆ ಜೋಮು ಬರಿಸೋ ಸೂಜಿ ಚುಚ್ಚಿದ್ಲು. ಅಬಾಬಾಬಾ! ಭಾಲ್ಕಿ ಸಾಹುಕಾರರ ಮೀಸಿ ನೆನಪಾಗಿ, ನಾ ಚುಚ್ಚಿದ ಎಲ್ಲಾ ಮಂದಿಗೂ ಮನಸಿನಾಗ ಕೈಮುಗದೆ. ಆಮ್ಯಾಲೆ ಏನೂ ಗೊತ್ತಾಗಲಿಲ್ಲ. ಕಾಲು ತಾಸಿನಾಗ, "ಅಣ್ಣಾ, ಬಳ್ಳು ಮಡಚಿ ಬಿಚ್ಚರಿ" ಅಂದ್ಲು. ಮಡಚಿದೆ. ಬಿಚ್ಚಿದೆ. ಸಪ್ಪಳಿಲ್ಲ. ಇನ್ನೊಮ್ಮೆ ಮಾಡ್ದೆ. ಸಪ್ಪಳಿಲ್ಲ. ಮೂರು ವರ್ಷದ ಮ್ಯಾಲೆ ನನ್ನ ಬೆರಳು ನನ್ನ ಮಾತು ಕೇಳಿತ್ತು. ಅಲ್ಲೇ ಮಲಗಿದಲ್ಲೇ ಅತ್ತೆ. ನಾಚಿಕಿ ಏನೂ ಅನಿಸಲಿಲ್ಲ.

ಬಾಗಲಾ ಸಂದ್ಯಾಗಿಂದ ಬಡೇ ಡಾಕ್ಟರು ಹಣಿಕಿ ಹಾಕಿದ್ರು. "ಅಳಾಕ ಹತ್ತಿದಿ. ಭಾಳ ನೋವಾತೇನು?"

ಖರೇ ಹೇಳಿದ್ರ ಅವರು ಓಡಿ ಹೋಗ್ತಾರ. ಅವರು ಓಡಿದ್ರ ಸಹಿ ಇಲ್ಲ. ಅಲ್ಲದ ಇಷ್ಟು ವರ್ಷದ ರೂಢಿ. ಕಣ್ಣು ಒರಸಕೊಂಡು ಹೇಳ್ದೆ, "ಏ, ಇಲ್ಲರಿ ಸಾಹೇಬ್ರ. ಇರುವಿ ಕಚ್ಚಿದಂಗ."

ಹತ್ತು ದಿನಕ್ಕ ಹೊಲಿಗಿ ಬಿಚ್ಚಸಾಕ ಹೋದೆ. ಅವತ್ತ ಒಳಗ ಬಡೇ ಡಾಕ್ಟರ ಹೆಬ್ಬೆರಳಿನ ಆಪರೇಶನ್ ನಡದಿತ್ತು. ನಾ ಹೊರಗ ಬೆಂಚಿನ ಮ್ಯಾಲೆ ಕುಂತಿದ್ದೆ. ಒಮ್ಮಿಂದೊಮ್ಮೆ ಒಳಗಿಂದ ಒಂದು ಕೂಗು ಬಂತು. ಎರಡೂ ವಾರ್ಡಿನ ರೋಗಿಗಳು ಎದ್ದು ಕುಂತ್ರು.

"ಲೇ ಕಂಪೌಂಡರ್! ಇದು ಯಾವ ಊರ ಇರುವಿ ಲೇ!"

ನಾ ಎದ್ದು ನಿಂತು ಕೈಮುಗದು ಹೇಳ್ದೆ, "ಭಾಲ್ಕಿದರಿ, ಸಾಹೇಬ್ರ!"

ಹೇಳಿದ ಮ್ಯಾಲೆ ಅಂಜಿಕಿ ಹತ್ತಿತು. ಹದಿನೈದು ದಿನ ಔರಾದದಾಗ ಅನ್ನ ನುಂಗಲಿಲ್ಲ. ಬೆರಳು ಉಳೀತು, ನೌಕರಿ ನಾಲಿಗಿಲೆ ಹೋತು ಅಂತ ಹೆಂಡತಿ ಮುಂದ ಗೋಳಾಡ್ದೆ. ಕೊನಿಗೆ ಟಪಾಲಿನಾಗ ಒಂದು ಲಕೋಟಿ ಬಂತು. ನಮ್ಮ ಡಾಕ್ಟರು ಒಡದು, ಮೊದಲು ತಾವ ಓದಿಕೊಂಡು, ಹೊಟ್ಟಿ ಹಿಡದು ನಗಾಕ ಹತ್ತಿದ್ರು. ಕೆಳಗ ಬಡೇ ಡಾಕ್ಟರ ಸಹಿ, ಒಂದು ನಡುಕಿಲ್ಲದ, ದುಂಡಗ. ಮ್ಯಾಲೆ ಅವರ ಕೈಬರಹದಾಗ ಉರ್ದೂದೊಳಗ ಬರದಿದ್ರು:

"ತಪಾಸ ಮಾಡೇನಿ. ಹತ್ತೂ ಬೆರಳು ದುರುಸ್ತ ಅವ. ಸುಳ್ಳು ಹೇಳೋ ರೋಗ ಒಂದು ಅದ. ಕಂಪೌಂಡರ ಕೆಲಸಕ್ಕ ಅದು ಬೇಕಾಗ್ತದ. ಕಾಯಂ ಮಾಡ್ರಿ."